ಗರಗತ್ತಿ ಎಲೆ, ಗಾಜಿನ ಕಾಗದ

ಕುಷ್ಟಗಿಯ ಮೋನಪ್ಪ ಬಡಿಗೇರನು ನೇಗಿಲು, ಕುಂಟೆಗಳನ್ನೂ ಮಾಡುತ್ತಿದ್ದನು. ಆದರೆ ಅವನ ಹೆಸರು ನಿಂತದ್ದು ಲಾಳಿಯ ಮೇಲೆ. ದೋಟಿಹಾಳದ ನೇಕಾರರ ಮಗ್ಗದಲ್ಲಿ ನೂಲು ಹೊತ್ತು ಎಡಕ್ಕೂ ಬಲಕ್ಕೂ ಓಡುವ ಆ ಪುಟ್ಟ ದೋಣಿಯಂಥ ಮರದ ತುಂಡನ್ನು ಅವನಷ್ಟು ನುಣುಪಾಗಿ ಮಾಡುವವರು ಸುತ್ತಿನಲ್ಲಿ ಯಾರೂ ಇರಲಿಲ್ಲ. ಲಾಳಿಯು ಉದ್ದಕ್ಕೆ ಬಿಗಿದ ಹಾಸಿನ ರೇಶಿಮೆಯ ಮೈಮೇಲೆಯೇ ಜಾರಿ ಹೋಗತಕ್ಕದ್ದು. ಎಳ್ಳಿನ ಮೂತಿಯಷ್ಟು ಒರಟು ಉಳಿದರೂ ಎಳೆ ಕಡಿಯಿತೆಂದೇ ಲೆಕ್ಕ.

ಆದುದರಿಂದ ಅವನು ಕರಿಜಾಲಿಯ ತುಂಡನ್ನು ಬಾಚಿಯಿಂದ ಕೆತ್ತಿ, ಉಳಿಯ ಬಾಯಿಂದ ಹೆರೆದು, ಕಡೆಗೆ ಗರಗತ್ತಿಯ ಎಲೆಯಿಂದ ಮೂರು ದಿನ ಉಜ್ಜುವನು. ಆ ಎಲೆಯ ಮೈ ಬೆಕ್ಕಿನ ನಾಲಗೆಯಂತೆ. ನೆರಳಲ್ಲಿ ಒಣಗಿಸಿ, ಉಜ್ಜುವಾಗ ತುಸು ನೀರು ತಾಕಿಸಿದರೆ ಮರವನ್ನು ನೆಕ್ಕಿದ ಹಾಗೆ ನುಣ್ಣಗೆ ಮಾಡುವುದು. ಗಂಗಾವತಿಯ ಆಚೆ, ಆನೆಗೊಂದಿಯ ಗುಡ್ಡದಿಂದ ಮಾರೆವ್ವನೆಂಬ ಬೇರುನಾರು ಮಾರುವ ಮುದುಕಿ ಪ್ರತಿವರ್ಷ ಮಹಾನವಮಿ ಮುಗಿದ ಮೇಲೆ ಒಂದು ಹೊರೆ ತಂದು ಇಳಿಸುತ್ತಿದ್ದಳು.

ಎಲ್ಲ ಮುಗಿದ ಮೇಲೆ ಲಾಳಿಯು ಮೋನಪ್ಪನ ಹೆಂಡತಿ ಯಂಕವ್ವನ ಕೈಗೆ ಹೋಗುವುದು. ಆಕೆ ಒಲೆಯ ಮುಂದಿನಿಂದ ಎದ್ದು ಬಂದು, ಅದನ್ನು ಕೆನ್ನೆಗೆ ಒತ್ತಿ ಕಿವಿಯಿಂದ ಗದ್ದದವರೆಗೆ ಎಳೆಯುವಳು. ಸರಿಯಿದ್ದರೆ ಮಾತಿಲ್ಲ. ಇಲ್ಲದಿದ್ದರೆ ಅವನ ಮಡಿಲಿಗೆ ಎಸೆದು, "ಇದಕ್ಕಿನ್ನೂ ಗಡ್ಡ ಐತಿ, ಬೋಳ್ಸು!" ಎನ್ನುವಳು.

ಮಹಾಯುದ್ಧದ ಮೂರನೆಯ ವರ್ಷ ಮಹಾನವಮಿ ಕಳೆದು ದೀಪಾವಳಿ ಬಂದರೂ ಮಾರೆವ್ವನ ಸುದ್ದಿಯಿಲ್ಲ. ದೋಟಿಹಾಳದಿಂದ ಆರು ಲಾಳಿಗಳಿಗೆ ಹೇಳಿಕಳಿಸಿದ್ದರು. ಅದರಲ್ಲಿ ಒಂದು ನೇಕಾರ ವಿರುಪಣ್ಣನದು. ಅವನು ಮಗಳು ಪಂಪಾವತಿಯ ಮದುವೆಯ ಸೀರೆಗೆಂದು ಯುದ್ಧಕ್ಕೆ ಮುಂಚೆಯೇ ರೇಶಿಮೆ ತಂದು ಗಡಿಗೆಯಲ್ಲಿ ಮುಚ್ಚಿಟ್ಟಿದ್ದನು. ಈಗ ಹುಡುಕಿದರೂ ಅಂಥ ರೇಶಿಮೆ ಸಿಗುವಂತಿರಲಿಲ್ಲ.

ಅದೇ ದಿನಗಳಲ್ಲಿ ಅಂಗಡಿಯ ನೂರಸಾಬನು ಗದುಗಿನಿಂದ ಗಾಜಿನ ಕಾಗದ ತಂದನು. ಒಂದು ಮಗ್ಗುಲು ಬರಿಯ ಕಾಗದ, ಇನ್ನೊಂದು ಮಗ್ಗುಲು ಸರೇಸಿನಲ್ಲಿ ಅಂಟಿಸಿದ ಗಾಜಿನ ಪುಡಿ.

"ತಗೋ ಮೋನಪ್ಪ, ಮೂರ ದಿನದ ಕೆಲಸ ಮೂರ ತಾಸಿನ್ಯಾಗ ಖಲಾಸ್. ಗದಗಿನ ಬಡಗ್ಯಾರೆಲ್ಲಾ ಇದನ್ನ ಉಪಯೋಗ ಮಾಡ್ತಾರ."

"ಅವರು ಕುರ್ಚಿ ಮಾಡ್ತಾರೋ ಸಾಬ. ಕುರ್ಚಿ ಮ್ಯಾಲೆ ರೇಶಿಮಿ ಓಡಂಗಿಲ್ಲ."

"ರೇಶಿಮಿ ಸೀರಿ ಉಟ್ಟಾಕಿ ಕುಂದರತಾಳಲ್ಲೋ ಮಾರಾಯಾ!"

ಮೋನಪ್ಪನು ನಕ್ಕನು. ಆದರೆ ಕಾಗದವನ್ನು ಹಿಂದಿರುಗಿಸಲಿಲ್ಲ.

ಗುಡ್ಡಕ್ಕೆ ತಾನೇ ಹೋಗಿ ಎಲೆ ತರಬಹುದಾಗಿತ್ತು. ಮೂರು ದಿನದ ದಾರಿ. ಅವನು ಹೋಗಲಿಲ್ಲ. ಅದಕ್ಕೆ ಯಾರಿಗೂ ಹೇಳದ ಕಾರಣವೊಂದಿತ್ತು. ಮಳೆಗಾಲದಿಂದ ಅವನ ಬಲಗೈಯ ತೋರುಬೆರಳು ಜೋಮು ಹಿಡಿದಂತಿತ್ತು. ಒಮ್ಮೆ ಕುದಿಯುವ ಸರೇಸಿನ ಗಡಿಗೆಗೆ ತಗಲಿ ಬೊಬ್ಬೆ ಎದ್ದರೂ ಅವನಿಗೆ ತಿಳಿದಿರಲಿಲ್ಲ. ಊರಿನಲ್ಲಿ ಅಂಥ ಬೆರಳಿಗೆ ಜನರು ಕುಷ್ಠವೆಂದೇ ಹೆಸರಿಡುತ್ತಿದ್ದರು. ಎಲೆಯ ಕೆಲಸಕ್ಕೆ ಬೆರಳೇ ಕಣ್ಣು. ಎಲ್ಲಿ ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅದು ಹೇಳಬೇಕು. ಕಾಗದವಾದರೋ ಬೆರಳನ್ನು ಏನೂ ಕೇಳುತ್ತಿರಲಿಲ್ಲ.

ಆರು ಲಾಳಿಗಳೂ ನಾಲ್ಕೇ ದಿನದಲ್ಲಿ ಕನ್ನಡಿಯಂತೆ ಹೊಳೆದವು. ಯಂಕವ್ವನು ಒಂದೊಂದನ್ನೇ ಕೆನ್ನೆಗೆ ಎಳೆದಳು. ಒಂದನ್ನೂ ಎಸೆಯಲಿಲ್ಲ.

ಹದಿನೈದು ದಿನ ಕಳೆದಿರಲಿಲ್ಲ, ವಿರುಪಣ್ಣನು ದೋಟಿಹಾಳದಿಂದ ನಡೆದು ಬಂದು ಅಂಗಳದಲ್ಲಿ ನಿಂತನು. ಯಂಕವ್ವ ಕೊಟ್ಟ ನೀರನ್ನು ಕುಡಿಯಲಿಲ್ಲ. ಲಾಳಿಯನ್ನು ಕಟ್ಟೆಯ ಮೇಲಿಟ್ಟನು.

"ಹದಿನೆಂಟು ಎಳಿ ಕಡದೈತಿ. ನನ್ನ ಮಗಳ ಸೀರಿದು. ಏನ ಮಾಡಿದ್ಯೋ ಮೋನಪ್ಪ?"

ಮೋನಪ್ಪನು ಲಾಳಿಯನ್ನು ತಿರುಗಿಸಿ ತಿರುಗಿಸಿ ಸವರಿದನು. ಎಡಗೈಗೂ ಏನೂ ತಾಕಲಿಲ್ಲ. ತನ್ನ ಎರಡೂ ಕೈ ಸತ್ತವೆಂದೇ ಅವನು ತಿಳಿದನು. ಕಡೆಗೆ ಲಾಳಿಯನ್ನು ಬಾಯಿಗೆ ತಂದು, ಅದರ ತಳವನ್ನು ನಾಲಗೆಯ ತುದಿಯಿಂದ ಮೆಲ್ಲನೆ ನೆಕ್ಕಿದನು. ಚುಚ್ಚಿತು. ಬಿಸಿಲಿಗೆ ಹಿಡಿದಾಗ ಕರಿಜಾಲಿಯ ಸಣ್ಣ ರಂಧ್ರಗಳಲ್ಲಿ ಗಾಜಿನ ಕಣಗಳು ಮಿಣುಕುತ್ತಿದ್ದವು. ಉಜ್ಜುವಾಗ ಮರದೊಳಗೆ ಹೊಕ್ಕು ಕುಳಿತಿದ್ದ ಅವು ಲಾಳಿ ಓಡಿ ಓಡಿ ಮೈ ಸವೆದಂತೆ ತಲೆ ಎತ್ತಿದ್ದವು.

"ನನ್ನ ಕೆನ್ನಿ ಸುಳ್ಳ ಹೇಳಿತಲ್ಲ," ಎಂದಳು ಯಂಕವ್ವ ಬಾಗಿಲಿನಿಂದ.

"ನಿನ್ನ ಕೆನ್ನಿದೇನೂ ತಪ್ಪಿಲ್ಲ. ಎಲಿ ಬಿಟ್ಟು ಕಾಗದ ಹಿಡದಾಂವ ನಾನು," ಎಂದನು ಮೋನಪ್ಪ.

ಉಳಿದ ಐದು ಲಾಳಿಗಳು ಐದು ಮನೆಗಳ ಮಗ್ಗದಲ್ಲಿದ್ದವು. ಅವನು ಆಗಲೇ ಹೆಗಲಿಗೆ ವಲ್ಲಿಬಟ್ಟೆ ಹಾಕಿಕೊಂಡು ವಿರುಪಣ್ಣನ ಹಿಂದೆ ಹೊರಟನು. ಪ್ರತಿ ಮನೆಯ ಮುಂದೆ ನಿಂತು, ತಪ್ಪನ್ನು ಹೇಳಿ, ಲಾಳಿಯನ್ನು ಬೇಡಿ ಪಡೆದನು. ಒಬ್ಬ ಮುದುಕಿ ಕೊಡುವಾಗ, "ಇನ್ನ ಲಾಳಿ ಇಳಕಲ್ಲಿಗೆ ಹೇಳ್ತೀವಪ್ಪಾ, ನಿನಗ ತ್ರಾಸ ಬ್ಯಾಡ," ಎಂದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆರೂ ಲಾಳಿಗಳು ಯಂಕವ್ವನ ಒಲೆಯಲ್ಲಿ ಉರಿದವು.

ಆ ಚಳಿಗಾಲವೆಲ್ಲ ದೋಟಿಹಾಳದಿಂದ ಯಾರೂ ಬರಲಿಲ್ಲ. ಮಾರೆವ್ವ ಮಾತ್ರ ಶಿವರಾತ್ರಿಯ ಹೊತ್ತಿಗೆ, ಕಾಲು ಮುರಿದು ಮಲಗಿದ್ದೆನೆಂದು ಕುಂಟುತ್ತ ಬಂದು ಎಲೆಯ ಹೊರೆ ಇಳಿಸಿದಳು. ಅದನ್ನು ಕೇಳುವವರೇ ಇರಲಿಲ್ಲ.

ವೈಶಾಖದಲ್ಲಿ ಪಂಪಾವತಿಯ ಮದುವೆಗೆ ಕರೆ ಬಂತು. ಮೋನಪ್ಪನು ಅಕ್ಷತೆ ಹಾಕಿ ಹಿಂದೆ ಸರಿಯುವಷ್ಟರಲ್ಲಿ ವಿರುಪಣ್ಣನು ಅವನ ತೋಳು ಹಿಡಿದು, ಮಗಳ ಸೆರಗನ್ನು ಅವನ ಮುಂದೆ ಹರಡಿದನು.

"ಕಡದ ಎಳಿ ಎಲ್ಲಾ ಗಂಟ ಹಾಕಿ ನೇದೀನಿ. ಹುಡುಕು ನೋಡೂಣು. ಬೀಗರಿಗಂತೂ ಒಂದೂ ಸಿಗಲಿಲ್ಲ."

ಮದುಮಗಳು ನಾಚಿ ನಕ್ಕಳು. ಮೋನಪ್ಪನ ತೋರುಬೆರಳು ಸೆರಗಿನ ಮೇಲೆ ಹರಿಯಿತು. ಕಣ್ಣಿಗೆ ಕಂಡ ಒಂದೆರಡು ಗಂಟುಗಳ ಮೇಲೆ ನಿಂತಿತು, ಆಮೇಲೆ ನಿಲ್ಲಲಿಲ್ಲ.

"ಏ, ದಾಟಿ ಹೋದ್ಯಲ್ಲೋ! ಇಲ್ಲೈತಿ," ಎಂದು ವಿರುಪಣ್ಣನು ಆ ಬೆರಳನ್ನು ಹಿಡಿದು ಗಂಟಿನ ಮೇಲಿಟ್ಟನು. "ಹಿಂಗಾದ್ರ ನನಗ ಹೊಸಾ ಲಾಳಿ ಹೆಂಗ ಮಾಡಿಕೊಡ್ತಿ? ಮಾರೆವ್ವ ಬಂದಾಳಂತ, ಎಲಿ ತಂದಾಳಂತ. ಎಲಿ ಹಚ್ಚೇ ಮಾಡಬೇಕು ಮತ್ತ."

ಐದು ತಿಂಗಳಿಂದ ಕಾದಿದ್ದ ಮಾತು ಅದು. ಹೂಂ ಎಂದರೆ ಸಾಕಿತ್ತು. ಮೋನಪ್ಪನು ತಲೆ ಅಲ್ಲಾಡಿಸಿದನು.

"ನನಗ ಹತ್ತವಲ್ದು, ವಿರುಪಣ್ಣ," ಎಂದನು. "ಬೆರಳು ಜೋಮ ಹಿಡದೈತಿ, ಏನೂ ಹತ್ತವಲ್ದು. ಅದಕ್ಕ ಕಾಗದ ಹಿಡದಿದ್ದೆ."

ಚಪ್ಪರದಲ್ಲಿ ಯಾರೋ ವಿರುಪಣ್ಣನನ್ನು ಕೂಗಿದರು. ಅವನು ಓಗೊಡಲಿಲ್ಲ. ಕೈ ಹಿಂತೆಗೆಯದೆ ಮೋನಪ್ಪನ ಬೆರಳನ್ನು ಆ ಗಂಟಿನ ಮೇಲೆಯೇ ಒತ್ತಿಕೊಂಡು ನಿಂತನು.