ಬಚ್ಚಲಿಗೆ ಒರಟು ಟೈಲ್ಸ್

ಮುಂಬಯಿಯ ಚೆಂಬೂರಿನ ನಮ್ಮ ಬಿಲ್ಡಿಂಗ್‌ನಲ್ಲಿ ಮೇಲಿನ ಮನೆಯ ಧಾರವಾಡದ ಅಕ್ಕನನ್ನು ಕೇಳದೆ ಯಾರೂ ಮನೆ ರಿಪೇರಿಗೆ ಕೈಹಾಕುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ಗೋಡೆಗಳನ್ನು ಬೆರಳಿನಿಂದ ತಟ್ಟಿ ನೋಡಿ, “ಮಂದೀ ಕಣ್ಣಿಗಲ್ಲ, ನಿಮ್ಮ ಮೈಗೆ ರೊಕ್ಕಾ ಹಾಕ್ರಿ” ಎನ್ನುತ್ತಿದ್ದರು.

ನಮ್ಮತ್ತೆ ಬಚ್ಚಲಲ್ಲಿ ಜಾರಿಬಿದ್ದ ಮೇಲೆ, ಬಾಗಿಲ ಬಳಿ ಯಾರಾದರೂ ನಿಲ್ಲದಿದ್ದರೆ ಸ್ನಾನಕ್ಕೇ ಹೋಗುತ್ತಿರಲಿಲ್ಲ. ನಮ್ಮ ಯಜಮಾನರಿಗೋ ಹಾಲ್‌ಗೆ ಮಾರ್ಬಲ್ ಹಾಕಿಸುವ ಆಸೆ. ಬಚ್ಚಲಿಗೆ ಅಗ್ಗದ ನುಣುಪು ಟೈಲ್ಸ್ ಸಾಕು ಎಂದಿದ್ದರು. ಅಕ್ಕ ನಮ್ಮೊಂದಿಗೆ ಕುರ್ಲಾದ ಅಂಗಡಿಗೆ ಬಂದರು. ಆ ನುಣುಪು ಟೈಲನ್ನು ನೆಲಕ್ಕಿಟ್ಟು, ಮೇಲೆ ಒಂದು ಲೋಟ ನೀರು ಸುರಿದು, ಚಪ್ಪಲಿ ಬಿಟ್ಟು ಅದರ ಮೇಲೆ ನಿಂತರು.

“ಅರೆ ಬಾಯಿ, ಕ್ಯಾ ಕರ್ತೀ ಹೈ!” ಇದೇನು ಮಾಡ್ತಿದ್ದೀರಿ ಎಂದು ಅಂಗಡಿಯವನು ಹಿಂದಿಯಲ್ಲಿ ಕೂಗಿದ.

ಅಕ್ಕನ ಕಾಲು ಸರ್ರನೆ ಜಾರಿತು. ಯಜಮಾನರು ಓಡಿಬಂದು ತೋಳು ಹಿಡಿದುಕೊಂಡರು.

“ನಿಮ್ಮ ಅವ್ವಗ ಒಳಗ ಹಿಡಿಯಾಕ ಯಾರ ಇರ್ತಾರ್ರೀ?” ಎಂದರು ಅಕ್ಕ, ನಗುತ್ತಲೇ.

ಯಜಮಾನರು ದುಬಾರಿಯ ಒರಟು ಟೈಲ್ಸನ್ನೇ ಕೊಂಡರು. ಹಾಲ್‌ಗೆ ಆ ವರ್ಷ ಬರೀ ಸುಣ್ಣಬಣ್ಣವಾಯಿತು.

ಕೆಲಸ ಮುಗಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ಒಬ್ಬರೇ ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು. ನಾನೂ ಯಜಮಾನರೂ ಬಾಗಿಲಿಗೆ ಕಿವಿಗೊಟ್ಟು ಹೊರಗೆ ನಿಂತೆವು. ಸ್ವಲ್ಪ ಹೊತ್ತಿಗೆ ನೀರಿನ ಸದ್ದಿನ ನಡುವೆ ಅವರ ದೇವರನಾಮ ಕೇಳಿಸಿತು. ಅಷ್ಟರಲ್ಲಿ ಕೆಳಗಿಳಿದು ಬಂದಿದ್ದ ಅಕ್ಕ ಒಂದು ಕ್ಷಣ ಆಲಿಸಿದರು.

“ಇನ್ನ ಇಲ್ಯಾಕ ನಿಂತೀರಿ? ಚಾ ಇಡ್ರೀ” ಎಂದರು.