ಶಾಲು ಹೊದಿಸಿ ಕೋಚನ್ನು ಬಿಡಿಸಿದ್ದು

ನಮ್ಮ ಹುಡುಗಿಯರ ಹಾಕಿ ತಂಡ ಆ ವರ್ಷ ಆಡಿದ ಪಂದ್ಯಗಳನ್ನೆಲ್ಲ ಸೋತಿತ್ತು. ಕೋಚನ್ನು ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸಲು ತಂಡದ ಸಮಿತಿಯ ಐದು ಜನ ಒಂದು ಭಾನುವಾರ ಮಂಡ್ಯದ ಗುತ್ತಲು ಬಡಾವಣೆಯ ನಮ್ಮ ಮನೆಯ ಮಹಡಿಯಲ್ಲಿ ಸೇರಿದೆವು. ಸೋಲಿನ ಕಾರಣ ಎಲ್ಲರಿಗೂ ಗೊತ್ತಿತ್ತು. ನಮ್ಮ ಕೋಚ್ ಮಣ್ಣಿನ ಮೈದಾನದ ಮನುಷ್ಯ. ಉಬ್ಬುತಗ್ಗಿನಲ್ಲಿ ಚೆಂಡು ಪುಟಿಯುತ್ತದೆಂದು ಸ್ಟಿಕ್ಕನ್ನು ನೆಲದಿಂದ ನಾಲ್ಕು ಬೆರಳು ಎತ್ತಿ ಹಿಡಿಯಲು ಕಲಿಸುತ್ತಿದ್ದರು. ಈಗ ಪಂದ್ಯಗಳೆಲ್ಲ ಕೃತಕ ಹುಲ್ಲಿನ ನುಣುಪಾದ ಟರ್ಫ್ ಮೇಲೆ. ಚೆಂಡು ನೆಲ ಬಿಟ್ಟು ಏಳುವುದಿಲ್ಲ. ನಮ್ಮವರ ಸ್ಟಿಕ್ಕಿನ ಅಡಿಯಲ್ಲೇ ನುಸುಳಿ ಗೋಲಾಗುತ್ತಿತ್ತು. ಎರಡು ಸಲ ಹೇಳಿ ನೋಡಿದ್ದೆ. "ಚೆಂಡ ನಂಬ್ಬ್ಯಾಡ ಕಣವ್ವ, ಅದು ಎಲ್ಲಾದ್ರೂ ಎಗರ್ತದೆ" ಎಂದಿದ್ದರು.

ಅವರು ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೊದಲ ಬಸ್ಸಿಗೆ ಮಳವಳ್ಳಿಗೆ, ಅಲ್ಲಿಂದ ಇನ್ನೊಂದು ಹಿಡಿದು ಮಂಡ್ಯಕ್ಕೆ ಬರುತ್ತಿದ್ದರು. ನನಗೂ ಆಟ ಕಲಿಸಿದವರು ಅವರೇ, ನನ್ನ ಪಿ.ಟಿ. ಟೀಚರ್ ಕೆಲಸ ಆ ಆಟದಿಂದಲೇ ಸಿಕ್ಕಿದ್ದು. ಇಬ್ಬರು ಅವರೇ ಇರಲಿ ಎಂದು ಕೈ ಎತ್ತಿದರು, ಇಬ್ಬರು ಬೇಡವೆಂದು ಎತ್ತಿದರು. ನಾನೂ ಬೇಡವೆಂದೇ ಎತ್ತಿದೆ. ಅದು ತಪ್ಪೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಆದರೆ ಅವರಿಗೆ ಹೇಳುವವರು ಯಾರು? ಮುಖಕ್ಕೆ ಹೊಡೆದಂತೆ ಮಾತಾಡುವವರು ಎಂದು ಮಂಡ್ಯದವರಿಗೆ ಹೆಸರು. ಅವತ್ತು ಐವರ ಬಾಯಿಗೂ ಬೀಗ. ಕೊನೆಗೆ ಮದ್ದೂರಿನ ಸದಸ್ಯರು ದಾರಿ ತೋರಿಸಿದರು: "ಸನ್ಮಾನ ಮಾಡ್ಬುಡವ ಕಣ್ರೀ. ಒಂದು ಶಾಲು ಆಕ್ಬುಟ್ರೆ ಅವ್ರಿಗೇ ಗೊತ್ತಾಯ್ತದೆ." ನಿವೃತ್ತರಾಗುವವರನ್ನು ನಮ್ಮಲ್ಲಿ ಕಳಿಸಿಕೊಡುವುದೂ ಹಾಗೆಯೇ ತಾನೆ. ಎಲ್ಲರಿಗೂ ಜೀವ ಬಂದಂತಾಯಿತು.

ಸನ್ಮಾನದ ದಿನ ಶಾಲು, ಪೇಟ, ಹಾರ, ಹಣ್ಣಿನ ತಟ್ಟೆ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಬೇಡವೆಂದವರೇ ಹೆಚ್ಚು ಹೊತ್ತು ಹೊಗಳಿದರು. ನಾನಂತೂ ಇವರಿಲ್ಲದಿದ್ದರೆ ಮಂಡ್ಯದಲ್ಲಿ ಹಾಕಿಯೇ ಇಲ್ಲ ಎಂದುಬಿಟ್ಟೆ. ಕೊನೆಯಲ್ಲಿ ಅವರು ಮೈಕಿನ ಮುಂದೆ ನಿಂತು ಕಣ್ಣೊರೆಸಿಕೊಂಡರು.

"ಸೋತ್ಮೇಲೆ ತೆಗ್ದಾಕ್ತೀರಿ ಅನ್ಕಂಡಿದ್ದೆ. ಇಷ್ಟು ಅಭಿಮಾನ ಮಡಗಿದ್ದೀರಿ. ಇನ್ನೆರಡು ವರ್ಸ ನಾನು ಎಲ್ಗೂ ಓಗಕಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ನಾವು ಐವರೂ ತಟ್ಟಿದೆವು.

ಮರುದಿನ ಬೆಳಿಗ್ಗೆ ನಾನೇ ಮೈದಾನಕ್ಕೆ ಹೋದೆ. ವೇದಿಕೆಯ ಮೇಲೆ ಅಷ್ಟೊಂದು ಹೊಗಳಿದ್ದಕ್ಕೆ ನನ್ನ ಮೇಲೆ ನನಗೇ ಕೋಪ ಬಂದಿತ್ತು. ಅವರು ಹುಡುಗಿಯರನ್ನು ಓಡಲು ನಿಲ್ಲಿಸಿದ್ದರು. "ಏನವ್ವ, ಇಷ್ಟೊತ್ಗೇ ಬಂದ್ಬುಟ್ಟಿದ್ದೀಯ?" ಎಂದರು. ಪಕ್ಕಕ್ಕೆ ಕರೆದು ಒಂದೇ ಉಸಿರಿಗೆ ಹೇಳಿದೆ: ಸಮಿತಿ ಬೇರೆ ಕೋಚನ್ನು ನೋಡುತ್ತಿದೆ, ನಿನ್ನೆ ಮಾಡಿದ್ದು ನಿಮ್ಮ ಬೀಳ್ಕೊಡುಗೆ, ಬೇಡವೆಂದವರಲ್ಲಿ ನಾನೂ ಒಬ್ಬಳು.

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಟರ್ಫ್ ವಿಷಯ ಎತ್ತಿ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅವರು ಕೊರಳಿನ ಸೀಟಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಹುಡುಗಿಯರ ಕಡೆ ನೋಡಿದರು.

"ಮಕ್ಳು ಬಂದ್ಬುಟ್ಟವ್ರೆ. ಇವತ್ತಿಂದು ಮುಗಿಸ್ಬುಟ್ಟು ಓಗ್ಲಾ, ಮೇಡಂ?"

ಅವರು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು. ನಾಚಿಕೆಯಿಂದ ತಲೆ ತಗ್ಗಿಸಿ ಹೂಂ ಎಂದೆ.