ಸಿದ್ಧಕಟ್ಟೆ ಬಸ್ಸಿನ ಮ್ಯೂಸಿಯಮ್

ಬಿ.ಸಿ.ರೋಡಿನಿಂದ ಸಿದ್ಧಕಟ್ಟೆ ಮಾರ್ಗವಾಗಿ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಭವಿತ್ ಕಂಡಕ್ಟರ್ ಆಗಿ ಸೇರಿದ್ದು "ಒಳ್ಳೆಯ ಕೆಲಸ ಸಿಗುವವರೆಗೆ ಮಾತ್ರ". ಹಾಗೆಂದು ಅವನು ಮನೆಯಲ್ಲಿ ಹೇಳಿದ್ದು 2005ರಲ್ಲಿ. 2009 ಬಂದರೂ ಆ ಒಳ್ಳೆಯ ಕೆಲಸ ಯಾವುದೆಂದು ಅವನಿಗೇ ಗೊತ್ತಿರಲಿಲ್ಲ. ಇತಿಹಾಸ ತೆಗೆದುಕೊಂಡು ಬಿ.ಎ. ಮಾಡಿದ್ದ. ಆ ಪದವಿಯಿಂದ ಅಲ್ಲಿಯವರೆಗೆ ಆಗಿದ್ದ ಉಪಯೋಗವೆಂದರೆ, ಚಿಲ್ಲರೆಗಾಗಿ ಜಗಳವಾದಾಗ ಪ್ರಯಾಣಿಕರಿಗೆ "ಡಿಗ್ರಿ ಮಾಡಿದವನಂತೆ, ನೋಡಿ" ಎನ್ನಲು ಒಂದು ಅನುಕೂಲ.

ದಾರಿ ತೋರಿಸಿದವರು ನಿತ್ಯಾನಂದ ಮಾಸ್ಟ್ರು. ಮೂಡುಬಿದಿರೆಯ ನಿವೃತ್ತ ಅಧ್ಯಾಪಕರು, ಡ್ರೈವರನ ಹಿಂದಿನ ಸೀಟಿನ ಖಾಯಂ ಗಿರಾಕಿ. ಒಂದು ಹಳೆಯ ಶಾಲೆಯ ಕಟ್ಟಡದಲ್ಲಿ ಊರಿನ ಹಳೆಯ ವಸ್ತುಗಳ ಮ್ಯೂಸಿಯಮ್ ತೆರೆಯಲು ಅವರ ಟ್ರಸ್ಟ್ ಹೊರಟಿತ್ತು.

"ಒಬ್ಬ ಸಹಾಯಕ ಬೇಕು. ಸ್ವಲ್ಪ ತರಬೇತಿ ಆದವನು," ಎಂದರು ಒಂದು ದಿನ.

"ಅದನ್ನು ಎಲ್ಲಿ ಕಲಿಸ್ತಾರೆ ಸರ್?"

"ಈಗ ಎಲ್ಲ ಇಂಟರ್ನೆಟ್ಟಿನಲ್ಲಿ ಉಂಟಂತಲ್ಲ ಮಾರಾಯ. ಹುಡುಕು."

ಹುಡುಕಿದ್ದು ಮೆಲ್ಕಾರಿನಲ್ಲಿ, ಗೆಳೆಯ ಅಜ್ಮಲ್‌ನ ಸೈಬರ್ ಕೆಫೆಯಲ್ಲಿ. ದೆಹಲಿಯ ಒಂದು ಸಂಸ್ಥೆ ಆರು ತಿಂಗಳ ಆನ್‌ಲೈನ್ ಕೋರ್ಸು ನಡೆಸುತ್ತಿತ್ತು. ಗುರುವಾರ ಮಧ್ಯಾಹ್ನದ ಟ್ರಿಪ್ಪನ್ನು ಪಕ್ಕದ ಬಸ್ಸಿನ ಕಂಡಕ್ಟರ್ ಸುಲೈಮಾನ್‌ಗೆ ಒಪ್ಪಿಸಿ, ಭವಿತ್ ಕ್ಯಾಬಿನ್ನಿನೊಳಗೆ ಹೆಡ್‌ಫೋನ್ ಹಾಕಿ ಕೂರುತ್ತಿದ್ದ. ಎಡಗಡೆಯ ಕ್ಯಾಬಿನ್ನಿನಲ್ಲಿ ಯಾರಾದರೂ ದುಬೈಯಲ್ಲಿರುವ ಗಂಡನಿಗೆ ಮಗುವಿನ ಹೊಸ ಹಲ್ಲು ತೋರಿಸುತ್ತಿರುತ್ತಿದ್ದರು. ಬಲಗಡೆಯಲ್ಲಿ ಹುಡುಗರು ರಿಸಲ್ಟ್ ನೋಡಿ ಮೆಲ್ಲನೆ ಎದ್ದು ಹೋಗುತ್ತಿದ್ದರು. ನಡುವೆ, ನೆಟ್ ಕೈಕೊಟ್ಟಾಗಲೆಲ್ಲ, ಪಾಠ ಹೇಳುವ ದೆಹಲಿಯ ಮೇಡಂ ತೆರೆದ ಬಾಯಿ ಮುಚ್ಚದೆ ಸ್ಕ್ರೀನಿನಲ್ಲಿ ಹಾಗೇ ನಿಂತುಬಿಡುತ್ತಿದ್ದರು. ಅವರ ಇಂಗ್ಲಿಷಿನಲ್ಲಿ ಭವಿತ್‌ಗೆ ಅರ್ಧ ಅರ್ಥವಾಗುತ್ತಿತ್ತು, ಪಾಠದಲ್ಲಿ ಅರ್ಧ ಮಾತ್ರ ಮೆಲ್ಕಾರಿಗೆ ತಲುಪುತ್ತಿತ್ತು. ಎರಡು ಅರ್ಧ ಸೇರಿದರೆ ಒಂದಾಗುತ್ತದೆ ಎಂಬ ಧೈರ್ಯದಲ್ಲಿ ಅವನು ಓದಿದ.

"ನಿನ್ನ ಟೀಚರ್ ಇವತ್ತು ಎಷ್ಟು ಸಲ ಸತ್ತರು?" ಎಂದು ಅಜ್ಮಲ್ ಕೇಳುತ್ತಿದ್ದ.

ಕಲಿತದ್ದನ್ನು ಕೂಡಲೇ ಆಚರಣೆಗೆ ತರುವುದು ಭವಿತ್‌ನ ದೌರ್ಬಲ್ಯ. ಹಳೆಯ ವಸ್ತುಗಳನ್ನು ಬರಿಗೈಯಲ್ಲಿ ಮುಟ್ಟಬಾರದು ಎಂದು ಕೇಳಿದ ಮರುದಿನವೇ ಬಿಳಿ ಹತ್ತಿಯ ಗ್ಲೌಸು ಹಾಕಿಕೊಂಡು ಬಸ್ಸಿಗೆ ಬಂದ, ಅಭ್ಯಾಸವಾಗಲಿ ಎಂದು. ಟಿಕೆಟ್ ಹರಿಯಲು ಬಾರದೆ ಸೋರ್ನಾಡು ತಲುಪುವಷ್ಟರಲ್ಲಿ ಅರ್ಧ ಬಸ್ಸು ಪುಕ್ಕಟೆ ಇಳಿದಿತ್ತು. ಉಳಿದವರು ಕೈಗೆ ಕಜ್ಜಿಯಾ ಎಂದು ವಿಚಾರಿಸಿದರು. ಮನೆಯಲ್ಲಿ ತಾಯಿ ನೀಲಾವತಿ ಅದನ್ನೇ ಇನ್ನೊಂದು ರೀತಿ ಕೇಳಿದರು: "ಪಾತ್ರೆ ತೊಳೆಯಲಿಕ್ಕೆ ಹೇಳಿದರೆ ಇಲ್ಲದ ನಾಜೂಕು ಹಳೆ ಪಾತ್ರೆ ಮುಟ್ಟಲಿಕ್ಕೆ ಎಲ್ಲಿಂದ ಬಂತು ಮಗಾ?"

ಕೋರ್ಸಿನ ಕೊನೆಯ ಕೆಲಸ ಒಂದು ಪ್ರದರ್ಶನ. ಊರಿನ ಹಳೆಯ ವಸ್ತುಗಳನ್ನು ಸಂಗ್ರಹಿಸಿ, ಪ್ರತಿಯೊಂದಕ್ಕೂ ಅದು ಏನು, ಕೊಟ್ಟವರು ಯಾರು, ಎಲ್ಲಿಂದ ಬಂತು ಎಂಬ ಚೀಟಿ ಕಟ್ಟಿ, ಒಂದು ದಿನ ಜನರಿಗೆ ತೋರಿಸಬೇಕು. ಊರಿನ ತಿಳಿದವರೊಬ್ಬರು ನೋಡಿ ಸರಿ ಉಂಟೆಂದು ಬರೆದುಕೊಡಬೇಕು. ನಿತ್ಯಾನಂದ ಮಾಸ್ಟ್ರು ಒಪ್ಪಿದರು.

"ಭಾನುವಾರ ಸಿದ್ಧಕಟ್ಟೆಗೆ ಬರ್ತೇನೆ. ಸರಿ ಕಂಡರೆ ಒಂದನೇ ತಾರೀಕಿನಿಂದ ನಮ್ಮಲ್ಲಿಗೇ ಬಾ. ಆದರೆ ಬೆಳ್ತಂಗಡಿಯ ಒಬ್ಬನೂ ಕೇಳಿದ್ದಾನೆ. ಮೈಸೂರಿನಲ್ಲಿ ಇದನ್ನೇ ಓದಿದವನು. ಕಾರಣ ಇಲ್ಲದೆ ಅವನನ್ನು ಬಿಡಲಿಕ್ಕೆ ಆಗುವುದಿಲ್ಲ."

ಬೆಳ್ತಂಗಡಿಯವನನ್ನು ಭವಿತ್ ನೋಡಿರಲಿಲ್ಲ. ಆದರೂ ಅವನು ಗ್ಲೌಸು ಹಾಕಿಕೊಂಡೇ ಟಿಕೆಟ್ ಹರಿಯಬಲ್ಲನೆಂದು ಅಂದಿನಿಂದ ಅನಿಸತೊಡಗಿತು.

ವಸ್ತುಗಳು ಬರಲು ತಡವಾಗಲಿಲ್ಲ. ಆ ಮಾರ್ಗದಲ್ಲಿ ಬಸ್ಸಿನಲ್ಲಿ ಹೋಗುವುದು ಜನರು ಮಾತ್ರವಲ್ಲ. ಮದ್ದಿನ ಬಾಟಲಿ, ಮಲ್ಲಿಗೆಯ ಚೆಂಡು, ಮರೆತುಹೋದ ಕನ್ನಡಕ, ಮದುವೆಯ ಕಾಗದ ಎಲ್ಲವೂ ಕಂಡಕ್ಟರನ ಕೈಯಲ್ಲಿ ಪ್ರಯಾಣ ಮಾಡುತ್ತವೆ. ವಿಳಾಸ ಬರೆಯುವ ಪದ್ಧತಿ ಇಲ್ಲ. "ರಾಯಿಯಲ್ಲಿ ಸುಬ್ಬಯ್ಯನಿಗೆ" ಎಂದರೆ ಮುಗಿಯಿತು. ಭವಿತ್‌ಗೆ ಹಳೆಯ ಸಾಮಾನು ಬೇಕಂತೆ ಎಂಬ ಸುದ್ದಿ ಹರಡಿದ ಮೇಲೆ ಜನ ಕಿಟಕಿಯಿಂದಲೇ ಒಳಗೆ ದಾಟಿಸಿದರು. ಸಿದ್ಧಕಟ್ಟೆಯ ಸುಂದರಿಯಕ್ಕ ಒಂದು ಕಂಚಿನ ಪೀಕದಾನಿ ಕೊಟ್ಟರು. ಒಬ್ಬರು ಸೇಮಿಗೆ, ಅಂದರೆ ಅಕ್ಕಿ ಶ್ಯಾವಿಗೆ, ಒತ್ತುವ ಮರದ ಮಣೆ ಕೊಟ್ಟರು, ಇನ್ನೊಬ್ಬರು ಅಡಿಕೆ ಹಾಳೆಯ ಮುಟ್ಟಾಳೆ ಟೊಪ್ಪಿ. ಬೀಜ ಹಾಕಿ ಆಡುವ ಚೆನ್ನೆಮಣೆ, ಅಕ್ಕಿ ಅಳೆಯುವ ಕಳಸೆ, ಹೀಗೆ ಹಿಂದಿನ ಉದ್ದ ಸೀಟಿನ ಅಡಿ ಭರ್ತಿಯಾಯಿತು.

ಚೀಟಿ ಕಟ್ಟಬೇಕಿತ್ತು. ವಸ್ತು ಕೈಗೆ ಬಂದ ಕೂಡಲೇ ಚೀಟಿ, ಆಮೇಲೆ ಉಳಿದದ್ದೆಲ್ಲ ಎಂದು ಮೇಡಂ ಮೊದಲ ವಾರವೇ ಹೇಳಿದ್ದರು; ಅಷ್ಟು ಹೇಳುವವರೆಗೆ ನೆಟ್ ಕೂಡ ಸರಿಯಾಗಿತ್ತು. ಭವಿತ್ ಚೀಟಿಗಳನ್ನು ನೀಟಾಗಿ ಕತ್ತರಿಸಿ, ದಾರ ಪೋಣಿಸಿ, ಚರ್ಮದ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದ. ಬರೆದಿರಲಿಲ್ಲ. ಕಂಡಕ್ಟರನ ನೆನಪಿಗೆ ಚೀಟಿ ಬೇಕೇ ಎಂಬ ಜಂಬ.

ಪ್ರದರ್ಶನದ ವಾರದ ಗುರುವಾರ ಕೊನೆಯ ಕ್ಲಾಸು. ವಿಷಯ: ಸಾಗಣೆಯಲ್ಲಿ ವಸ್ತುಗಳ ಸುರಕ್ಷತೆ. ಭವಿತ್ ತಲೆ ಅಲ್ಲಾಡಿಸುತ್ತಾ ಕೇಳಿದ. ಸಂಜೆ ಬಿ.ಸಿ.ರೋಡ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ, ಎಲ್ಲವನ್ನೂ ಮನೆಗೆ ಒಯ್ಯೋಣವೆಂದು ಹಿಂದಿನ ಸೀಟಿನ ಅಡಿಗೆ ಬಗ್ಗಿದ. ಒಂದು ಬಾಳೆಹಣ್ಣಿನ ಸಿಪ್ಪೆ ಇತ್ತು.

"ಸುಲೈಮಾನ್, ಇಲ್ಲಿದ್ದ ಸಾಮಾನು ಎಲ್ಲಿ?"

"ಕೊಟ್ಟೆ."

"ಯಾರಿಗೆ?"

"ಯಾರ್ಯಾರಿಗೆ ಅಂತ ಒಂದು ಮಾತು ಹೇಳದೆ ಹೋದದ್ದು ನೀನು. ಅಷ್ಟು ಪಾರ್ಸೆಲ್ ಒಟ್ಟು ಮಾಡಿ ಇಟ್ಟಿದ್ದಿ, ಜನ ಕಾಯುವುದಿಲ್ಲವಾ?" ಸುಲೈಮಾನ್ ಹಣೆ ಒರೆಸಿಕೊಂಡ. ಪಾರ್ಸೆಲ್ ವಾಪಸ್ ತರುವ ಕಂಡಕ್ಟರನಿಗೆ ಆ ಲೈನಿನಲ್ಲಿ ಮರ್ಯಾದೆ ಇಲ್ಲ; ಅವನು ಒಮ್ಮೆಯೂ ತಂದವನಲ್ಲ. "ತಲೆ ಓಡಿಸಿ ಕೊಟ್ಟೆ ಮಾರಾಯ. ಸೇಮಿಗೆ ಮಣೆ ಯಾರಿಗೆ? ಹೋಟೆಲಿನವನಿಗೆ. ರಾಯಿಯಲ್ಲಿ ಸುಬ್ಬಯ್ಯಣ್ಣನಿಗೆ ಕೊಟ್ಟೆ. ಪೀಕದಾನಿ, ಎಲೆ ತಿನ್ನುವ ನಫೀಸಮ್ಮನಿಗೆ. ನೋಡಿದರೆ ಗೊತ್ತಾಗ್ತದೆ."

"ಅವರು ತಗೊಂಡ್ರಾ?"

"ಬಸ್ಸಿನವನು ಹೆಸರು ಹಿಡಿದು ಕರೆದು ಕೊಟ್ಟರೆ ಯಾರು ಬೇಡ ಅಂತಾರೆ? ಮುಟ್ಟಾಳೆ ಒಂದು ಸ್ವಲ್ಪ ಕಷ್ಟ ಆಯ್ತು. ಕೊನೆಗೆ ಒಬ್ಬರು ಬಿಸಿಲಲ್ಲಿ ನಿಂತಿದ್ರು, ಅವರಿಗೇ ಇರಬೇಕು ಅಂತ ಕೊಟ್ಟೆ."

ಭವಿತ್ ಫುಟ್‌ಬೋರ್ಡಿನ ಮೇಲೆ ಕುಳಿತುಬಿಟ್ಟ. ಬೇರೆಯವರ ಬಸ್ಸಿನಲ್ಲಿ ಅಷ್ಟು ಸಾಮಾನು ಕಂಡಿದ್ದರೆ ತಾನೂ ಇದನ್ನೇ ಮಾಡುತ್ತಿದ್ದೆನಲ್ಲ, ಅದೂ ಇಷ್ಟು ಚೆನ್ನಾಗಿ ಅಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಶನಿವಾರ ರಜೆ ಹಾಕಿ, ತನ್ನದೇ ಬಸ್ಸಿಗೆ ಟಿಕೆಟ್ ತೆಗೆದು ಹೊರಟ. ರಾಯಿಯಲ್ಲಿ ಸುಬ್ಬಯ್ಯನ ಹೋಟೆಲಿನ ಮುಂದೆ ಎಂದೂ ಇಲ್ಲದ ಗುಂಪು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ಇಂದಿನ ವಿಶೇಷ: ಸೇಮಿಗೆ' ಎಂದು ಬರೆದಿತ್ತು.

"ಬಾ ಬಾ. ನೀನು ಕಳಿಸಿದ ಮಣೆ ಅಂದರೆ ಮಣೆ," ಎಂದು ಸುಬ್ಬಯ್ಯ ಅವನನ್ನು ಕೂರಿಸಿ, ಬೆಲ್ಲ ಹಾಕಿದ ತೆಂಗಿನ ಹಾಲಿನ ಜೊತೆ ಒಂದು ತಟ್ಟೆ ಇಟ್ಟ. "ಒಳಗೆ ಗೆದ್ದಲು ಹಿಡಿದಿತ್ತು. ಬಿಸಿನೀರು ಹಾಕಿ ತಿಕ್ಕಿ, ಎಣ್ಣೆ ಹಚ್ಚಿದೆ."

ಬಿಸಿನೀರು ಮತ್ತು ಎಣ್ಣೆ, ಎರಡೂ ಮೇಡಂ ಕನಸಿನಲ್ಲೂ ಮಾಡಬಾರದೆಂದಿದ್ದ ಕೆಲಸಗಳು. ಭವಿತ್ ಎರಡನೆಯ ತಟ್ಟೆ ಸೇಮಿಗೆ ತಿನ್ನುತ್ತಾ ವಿಷಯ ಹೇಳಿದ.

ಸುಬ್ಬಯ್ಯ ಯೋಚಿಸಿದ. "ಈಗ ಕೊಡಲಿಕ್ಕೆ ಆಗುವುದಿಲ್ಲ. ನಾಳೆ ಹತ್ತು ಗಂಟೆಯವರೆಗೆ ಆರ್ಡರ್ ಉಂಟು. ಆಮೇಲೆ ನಾನೇ ತರ್ತೇನೆ. ಸಾಕಾ?"

ಸೋರ್ನಾಡಿನಲ್ಲಿ ನಫೀಸಮ್ಮನ ಮನೆಯ ಜಗಲಿ ಹತ್ತಿದಾಗ ಪೀಕದಾನಿ ನಡುಮನೆಯಲ್ಲಿ ಟಿ.ವಿ.ಯ ಪಕ್ಕ, ಕಸೂತಿಯ ಬಟ್ಟೆಯ ಮೇಲೆ ಕೂತಿತ್ತು. ಹುಣಸೆಹುಳಿಯ ಸ್ನಾನವಾಗಿ ಬಂಗಾರದಂತೆ ಹೊಳೆಯುತ್ತಿತ್ತು. ಅದಕ್ಕೆ ಉಗುಳುವುದಿರಲಿ, ಹತ್ತಿರ ಕೆಮ್ಮಲೂ ಯಾರಿಗೂ ಬಿಡುವಂತಿರಲಿಲ್ಲ.

"ನೋಡು ಮೋನೇ," ಎಂದರು ನಫೀಸಮ್ಮ, ಮಗನನ್ನು ಕರೆದಂತೆ. "ನನ್ನ ಮಗ ಅನ್ಸಾಫ್ ದುಬೈಯಿಂದ ಕಳಿಸಿದ್ದು. ಪ್ರತಿ ಸಲ ಟಾರ್ಚು, ಪ್ರತಿ ಸಲ ಕಂಬಳಿ. ಈ ಸಲ ಉಮ್ಮನಿಗೆ ಏನು ಬೇಕೂಂತ ಅವನಿಗೆ ಗೊತ್ತಾಗಿದೆ."

ಅವರ ಬೆನ್ನ ಹಿಂದೆ ಮೊಮ್ಮಗಳು ಶಮ್ನಾ ಎರಡೂ ಕೈ ಜೋಡಿಸಿ, ಹೇಳಬೇಡ ಎಂದು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು. ಭವಿತ್ ಟೀ ಕುಡಿದ. ಅನ್ಸಾಫ್‌ನ ಆರೋಗ್ಯ ವಿಚಾರಿಸಿದ. ದೆಹಲಿಯ ಪಾಠದಲ್ಲಿ ಇಂಥ ಸಂದರ್ಭಕ್ಕೆ ಏನೂ ಹೇಳಿರಲಿಲ್ಲ, ಅಥವಾ ಆಗ ಮೇಡಂ ಬಾಯಿ ತೆರೆದು ನಿಂತಿದ್ದಿರಬೇಕು.

"ಉಮ್ಮಾ, ನಾಳೆ ಸಿದ್ಧಕಟ್ಟೆಯಲ್ಲಿ ಇಂಥ ಚಂದದ ಸಾಮಾನು ಎಲ್ಲ ಇಟ್ಟು ತೋರಿಸ್ತೇವೆ. ಇದನ್ನೂ ತರ್ತೀರಾ? ನೀವೇ ಹತ್ತಿರ ಕೂತ್ಕೊಳ್ಳಿ."

"ದುಬೈದು ಅಂತ ಹೇಳಬಹುದಾ?"

"ನೀವು ಹೇಳಿ," ಎಂದ ಭವಿತ್. ತಾನು ಹೇಳುತ್ತೇನೆ ಎನ್ನಲಿಲ್ಲ.

ದಿನವಿಡೀ ಹೀಗೇ ಆಯಿತು. ಚೆನ್ನೆಮಣೆ ಪಡೆದಿದ್ದ ಮನೆಯ ಅಜ್ಜಿ ಮಾತ್ರ, ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಆಡುವ, ಬೇರೆ ದಿನ ಹೊರತೆಗೆದರೆ ಮನೆಗೆ ಕೇಡೆನ್ನುವ ಇದನ್ನು ತಿಂಗಳು ಮುಗಿದ ಮೇಲೆ ಕಳಿಸಿದವನು ಯಾರೆಂದು ಹುಡುಕುತ್ತಿದ್ದರಂತೆ. ಬಾಗಿಲಲ್ಲೇ ವಾಪಸ್ ಕೊಟ್ಟು ಬೈದರು. ಉಳಿದವರೆಲ್ಲರದೂ ಒಂದೇ ಮಾತು: ನಾಳೆ ನಾವೇ ತರ್ತೇವೆ. ರಾತ್ರಿ ಮನೆಗೆ ಬಂದಾಗ ಅವನ ಕೈಯಲ್ಲಿದ್ದದ್ದು ಒಂದು ಚೆನ್ನೆಮಣೆ ಮತ್ತು ಖಾಲಿ ಚೀಟಿಗಳು.

"ಬೆಳ್ತಂಗಡಿಯವನಿಗೆ ಫೋನ್ ಮಾಡಿ ಅಭಿನಂದನೆ ಹೇಳಿಬಿಡ್ತೇನೆ," ಎಂದ.

"ಊಟ ಮಾಡಿ ಹೇಳು," ಎಂದರು ನೀಲಾವತಿ.

ಭಾನುವಾರ ನಿತ್ಯಾನಂದ ಮಾಸ್ಟ್ರು ಬಂದಾಗ ಸಿದ್ಧಕಟ್ಟೆಯ ಯುವಕ ಮಂಡಲದ ಹಾಲ್‌ನಲ್ಲಿ ಉದ್ದಕ್ಕೆ ಬೆಂಚುಗಳು, ಅವುಗಳ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಒಂದು ಚೆನ್ನೆಮಣೆ. ಪಕ್ಕದಲ್ಲಿ ಗ್ಲೌಸು ಹಾಕಿಕೊಂಡ ಭವಿತ್. ಮಾಸ್ಟ್ರು ಗಡಿಯಾರ ನೋಡಿದರು. ಭವಿತ್ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಬಾಳೆಹಣ್ಣಿನ ಸಿಪ್ಪೆಯನ್ನೂ ಬಿಡಲಿಲ್ಲ. ಕೇಳಿದ ಮಾಸ್ಟ್ರ ಮುಖದಲ್ಲಿ ನಗು ಬಂದು ಹೋಯಿತೋ ಸಿಟ್ಟು ಬಂದು ಹೋಯಿತೋ ತಿಳಿಯಲಿಲ್ಲ.

ಆಗ ಹೊರಗೆ ಸುಲೈಮಾನ್‌ನ ವಿಶಿಲ್ ಕೇಳಿತು. ಬಸ್ಸು ಹಾಲ್‌ನ ಬಾಗಿಲಿಗೇ ಬಂದು ನಿಂತಿತ್ತು. ಸುಬ್ಬಯ್ಯ ಮಣೆಯನ್ನು ಹೆಗಲ ಮೇಲೆ ಹೊತ್ತು ಇಳಿದ, ಹಿಂದೆಯೇ ಹೋಟೆಲಿನ ಗಿರಾಕಿಗಳು. ಮುಟ್ಟಾಳೆ ಒಬ್ಬರ ತಲೆಯ ಮೇಲೆಯೇ ಬಂತು. ಕಳಸೆಯ ಜೊತೆ ಒಂದು ಇಡೀ ಸಂಸಾರ ಇಳಿಯಿತು. ಕೊನೆಗೆ ಪೀಕದಾನಿಯನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಬಂದ ನಫೀಸಮ್ಮ. ಹಾಲ್ ತುಂಬಿತು. ತಂದವರು ತಂದ ವಸ್ತುವಿನ ಹಿಂದೆ ನಿಂತು, ಕೇಳಿದವರಿಗೂ ಕೇಳದವರಿಗೂ ವಿವರಿಸತೊಡಗಿದರು.

ಪೀಕದಾನಿ ಕೊಟ್ಟಿದ್ದ ಸುಂದರಿಯಕ್ಕ ಬಾಗಿಲಲ್ಲಿ ಕಂಡಾಗ ಭವಿತ್ ಅದಕ್ಕೆ ಅಡ್ಡ ನಿಲ್ಲಲು ನೋಡಿದ. ಅವರು ನೇರ ಪೀಕದಾನಿಯ ಮುಂದೆ ಬಂದು ನಿಂತರು. ನಫೀಸಮ್ಮ ದುಬೈಯ ಕತೆಯನ್ನು ಮೊದಲಿಂದ ಹೇಳಿದರು. ಸುಂದರಿಯಕ್ಕ ಪೀಕದಾನಿಯನ್ನು ನೋಡಿದರು, ಅದರ ಅಂಚಿನಲ್ಲಿದ್ದ ಪರಿಚಯದ ತಗ್ಗನ್ನು ಬೆರಳಿನಿಂದ ಮುಟ್ಟಿದರು, ಭವಿತ್‌ನನ್ನು ನೋಡಿದರು.

"ದುಬೈಯವರ ಕೆಲಸ ಅಂದರೆ ಹಾಗೆ ನಫೀಸಮ್ಮ," ಎಂದರು. "ನಮ್ಮಲ್ಲೂ ಒಂದು ಇತ್ತು. ಕೋಳಿ ಗೂಡಿನಲ್ಲಿ ನೀರು ಇಡಲಿಕ್ಕೆ. ಇಷ್ಟು ಚಂದ ಇರಲಿಲ್ಲ."

ಇಬ್ಬರೂ ಅದೇ ಬೆಂಚಿನಲ್ಲಿ ಕುಳಿತು ಎಲೆ ಹಾಕಿಕೊಂಡರು. ಉಗುಳಲು ಮಾತ್ರ ಹೊರಗೆ ಹೋದರು.

ಮಾಸ್ಟ್ರು ಎಲ್ಲವನ್ನೂ ಎರಡು ಸುತ್ತು ನೋಡಿ ಭವಿತ್‌ನನ್ನು ಪಕ್ಕಕ್ಕೆ ಕರೆದರು. "ಚೀಟಿ ಇಲ್ಲ. ಪೀಕದಾನಿ ಯಾರದೆಂದು ಬರೆಯುವ ಹಾಗೂ ಇಲ್ಲ. ಮಣೆಯಲ್ಲಿ ಇನ್ನೂ ಸೇಮಿಗೆ ಉಂಟು."

"ಹೌದು ಸರ್."

"ನಮ್ಮ ಟ್ರಸ್ಟಿನವರಿಗೆ ಇರುವ ಹೆದರಿಕೆ ಒಂದೇ ಮಾರಾಯ, ಬಾಗಿಲು ತೆರೆದರೆ ಯಾರೂ ಬರ್ಲಿಕ್ಕಿಲ್ಲ ಅಂತ. ಬೆಳ್ತಂಗಡಿಯವನಿಗೆ ಚೀಟಿ ಬರೆಯಲಿಕ್ಕೆ ಬರ್ತದೆ. ಅವನನ್ನೂ ತಗೊಳ್ತೇವೆ, ಅವನು ನಿನಗೆ ಕಲಿಸ್ಲಿ. ನೀನು ಒಂದನೇ ತಾರೀಕಿಗೆ ಬಾ. ಆ ಗ್ಲೌಸು ಈಗ ತೆಗಿ, ಜನ ನಗ್ತಾರೆ."

ದೆಹಲಿಯಿಂದ ಸರ್ಟಿಫಿಕೇಟೂ ಬಂತು, ಬಿ ಗ್ರೇಡು. ಪೀಕದಾನಿ ನಫೀಸಮ್ಮನ ಟಿ.ವಿ.ಯ ಪಕ್ಕವೇ ಉಳಿಯಿತು. ಅದನ್ನು ಕೇಳುವ ಧೈರ್ಯ ಭವಿತ್‌ಗೂ ಇರಲಿಲ್ಲ, ಮಾಸ್ಟ್ರಿಗೂ ಇರಲಿಲ್ಲ.

ಒಂದನೇ ತಾರೀಕು ಬೆಳಿಗ್ಗೆ ಅವನು ಪ್ರಯಾಣಿಕನಾಗಿ ಮೂಡುಬಿದಿರೆಯಲ್ಲಿ ಇಳಿದ. ಬಸ್ಸು ಹೊರಡುವಾಗ ಸುಲೈಮಾನ್ ಫುಟ್‌ಬೋರ್ಡಿನಿಂದ ಗೋಣಿಯಲ್ಲಿ ಸುತ್ತಿದ ಭಾರದ ಏನನ್ನೋ ಅವನ ಕೈಗೆ ತುರುಕಿದ. ಬಿಚ್ಚಿ ನೋಡಿದರೆ ಹಳೆಯ ಹಿತ್ತಾಳೆಯ ತೂಗುದೀಪ, ಸರಪಳಿ ಸಮೇತ.

"ಇದು ನಿನಗೇ ಇರಬೇಕು. ನೋಡಿದರೆ ಗೊತ್ತಾಗ್ತದೆ."

"ಯಾರು ಕೊಟ್ಟದ್ದು?"

ಸುಲೈಮಾನ್ ಆಗಲೇ ವಿಶಿಲ್ ಬಾಯಿಗಿಟ್ಟಿದ್ದ. ಮ್ಯೂಸಿಯಮ್ಮಿನ ಹೊಸ ಸಹಾಯಕ ಎಡಗೈಯಲ್ಲಿ ದೀಪ, ಬಲಗೈಯಲ್ಲಿ ಖಾಲಿ ಚೀಟಿ, ಬಾಯಲ್ಲಿ ಪೆನ್ನು ಹಿಡಿದುಕೊಂಡು ಬಸ್ಸಿನ ಹಿಂದೆ ಓಡಿದ.